ಮಕ್ಕಳ ಲೆಕ್ಕ ಹೆತ್ತವರಿಗೂ ತಿಳಿಯಬೇಡವೇ?

ಜೂನ್ ತಿಂಗಳು ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನ, ಪ್ರತಿಭಾ ಪುರಸ್ಕಾರಗಳ ಸರದಿ ಆರಂಭವಾಗುತ್ತದೆ. ಹತ್ತನೇ, ಹನ್ನೆರಡನೇ ತರಗತಿಯಲ್ಲಿ ಶೇಕಡಾ 90ಕ್ಕಿಂತ ಮೇಲೆ ಅಂಕ ತೆಗೆದ ಮಕ್ಕಳಿಗೆ ಶಾಲು, ಪುಷ್ಪಗುಚ್ಛ, ಸ್ಮರಣಿಕೆ. ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಮಗು ಎರಡನೇ ಅಥವಾ ಮೂರನೇ ತರಗತಿಯಲ್ಲಿ ಗಣಿತದಲ್ಲಿ ಮೊದಲ ಸಲ ಎಡವಿದ ದಿನ ನಾವು ಯಾರೂ ಅದರ ಹತ್ತಿರ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೆತ್ತವರಿಗೂ ಅದು ಗೊತ್ತಿರುವುದಿಲ್ಲ. ಪ್ರಗತಿ ಪತ್ರ ಕೈಗೆ ಬಂದಾಗ ಗಣಿತಕ್ಕೆ 'ಸಿ' ಎಂದು ಬರೆದಿರುತ್ತದೆ. ಆ 'ಸಿ' ಯಾಕೆ ಬಂತು, ಮಗುವಿಗೆ ಯಾವುದು ತಿಳಿಯಲಿಲ್ಲ ಎಂಬುದು ಆ ಕಾಗದದಲ್ಲಿ ಇರುವುದಿಲ್ಲ. ಉಪಾಯ ಕಾಣದೆ ಮರುದಿನವೇ ಟ್ಯೂಷನ್‌ಗೆ ಹೆಸರು ನೋಂದಾಯಿಸುತ್ತೇವೆ.

ಈ ವಿಚಾರ ಬರೆಯಲು ಕಾರಣವಾದದ್ದು ನಮ್ಮ ಕಟ್ಟಡದಲ್ಲೇ ನಡೆದ ಒಂದು ಸಣ್ಣ ಘಟನೆ. ಪಕ್ಕದ ಮನೆಯ ಮಗು ಇಂಗ್ಲಿಷ್ ಮಾಧ್ಯಮದ ಮೂರನೇ ತರಗತಿ. ತಾಯಿ ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವರು, ತಂದೆಗೆ ಹೋಟೆಲಿನಲ್ಲಿ ಕೆಲಸ. ಒಂದು ಸಂಜೆ ಆ ತಾಯಿ ನೋಟ್ ಪುಸ್ತಕ ಹಿಡಿದುಕೊಂಡೇ ಬಂದರು. "ಅಣ್ಣಾ, ಈ ಟೀಚರಿಗೆ ಕಳೆಯುವ ಲೆಕ್ಕವೇ ಬರುವುದಿಲ್ಲವೋ ಏನೋ, ನೀವೇ ನೋಡಿ" ಎಂದರು.

ಲೆಕ್ಕ ಇಷ್ಟೇ: 63ರಲ್ಲಿ 28 ಕಳೆಯಬೇಕು. ಮಗು ಮೊದಲು 63ರಿಂದ 20 ಕಳೆದು 43 ಎಂದು ಬರೆದಿತ್ತು. ಅದರಿಂದ 8 ಕಳೆದು 35 ಎಂದು ಬರೆದಿತ್ತು. ತಾಯಿ ಅದನ್ನು ಅಳಿಸಿ, ಒಂದರ ಕೆಳಗೊಂದು ಬರೆಸಿ, ಆರರಿಂದ ಒಂದು ಸಾಲ ತರಿಸಿ, ನಾವೆಲ್ಲ ಕಲಿತ ಕ್ರಮದಲ್ಲಿ ಮಾಡಿಸಿದ್ದರು. ಮರುದಿನ ಟೀಚರ್ ಅದರ ಬದಿಯಲ್ಲಿ ಕೆಂಪು ಶಾಯಿಯಲ್ಲಿ 'ತರಗತಿಯಲ್ಲಿ ಕಲಿಸಿದ ಕ್ರಮದಲ್ಲೇ ಮಾಡಬೇಕು' ಎಂದು ಬರೆದು ಕಳುಹಿಸಿದ್ದರು. ಮನೆಯಲ್ಲಿ ಅಮ್ಮನ ಬೈಗುಳ, ಶಾಲೆಯಲ್ಲಿ ಕೆಂಪು ಶಾಯಿ. ಎರಡೂ ಕಡೆ ಉತ್ತರ 35 ಸರಿಯಾಗಿಯೇ ಇತ್ತು. ಅಳುತ್ತಿದ್ದದ್ದು ಮಾತ್ರ ಮಗು.

ನಾನು ಶಿಕ್ಷಣ ತಜ್ಞನಲ್ಲ. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನೋಟು ಎಣಿಸಿದವನು. ಆದರೆ ಆ ಮಗು ಮಾಡಿದ್ದು ನನಗೆ ಕೂಡಲೇ ಅರ್ಥವಾಯಿತು, ಏಕೆಂದರೆ ಕೌಂಟರಿನಲ್ಲಿ ನಾವು ಮಾಡುವುದೂ ಅದನ್ನೇ. ಆರು ಹತ್ತರ ನೋಟು, ಮೂರು ಒಂದರ ನಾಣ್ಯ ಮೇಜಿನ ಮೇಲೆ ಇಟ್ಟೆ. 28 ಕೊಡಬೇಕು. ಮೊದಲು ಎರಡು ನೋಟು ಕೊಟ್ಟರೆ ಉಳಿದದ್ದು 43. ಇನ್ನು ಎಂಟು ಕೊಡಬೇಕಾದರೆ ಒಂದು ನೋಟು ಚಿಲ್ಲರೆ ಮಾಡಲೇಬೇಕು. ಚಿಲ್ಲರೆ ಮಾಡಿ ಎಂಟು ಕೊಟ್ಟರೆ ಉಳಿಯುವುದು 35. ನಾವು 'ಸಾಲ' ಎಂದು ಕಲಿತದ್ದು ಸಾಲವೇ ಅಲ್ಲ, ಚಿಲ್ಲರೆ! ಸಾಲವಾದರೆ ವಾಪಸು ಕೊಡಬೇಕಿತ್ತಲ್ಲ? ಆ ತಾಯಿ ನಕ್ಕರು. "ಇಷ್ಟೇಯಾ? ಇದನ್ನು ಶಾಲೆಯವರು ಮೊದಲೇ ಹೇಳಿದ್ದರೆ ನಾನು ಯಾಕೆ ಅಳಿಸುತ್ತಿದ್ದೆ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಹೇಳದೆ ಬದಲಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. 2019ರ ಜೂನ್‌ನಲ್ಲಿ ಬಾಲಭಾರತಿಯ ಎರಡನೇ ತರಗತಿಯ ಹೊಸ ಗಣಿತ ಪುಸ್ತಕದ ಮೇಲೆ ಎದ್ದ ಗದ್ದಲ ಹಲವರಿಗೆ ನೆನಪಿರಬಹುದು. ಮರಾಠಿಯಲ್ಲಿ 27ಕ್ಕೆ 'ಸತ್ತಾವೀಸ್' ಎನ್ನುತ್ತಾರೆ. ಅದರ ಜೊತೆಗೆ 'ವೀಸ್ ಸಾತ್', ಅಂದರೆ ಇಪ್ಪತ್ತು ಏಳು, ಎಂದೂ ಓದಬಹುದು ಎಂದು ಪುಸ್ತಕದಲ್ಲಿ ಹೇಳಲಾಗಿತ್ತು. ಹಳೆಯದನ್ನು ತೆಗೆದಿರಲಿಲ್ಲ, ಎರಡೂ ಇದ್ದವು. ಆದರೆ ಟಿವಿಯಲ್ಲಿ ಚರ್ಚೆ, ಪತ್ರಿಕೆಗಳಲ್ಲಿ ಟೀಕೆ, ಮರಾಠಿ ಭಾಷೆಯೇ ಕೆಟ್ಟಿತು ಎಂಬ ಕೂಗು. ವಿಧಾನಸಭೆಯಲ್ಲೂ ಮಾತು ಬಂತು, ಆಗಿನ ಮುಖ್ಯಮಂತ್ರಿ ಫಡ್ನವೀಸರ ಹೆಸರಿನ 'ವೀಸ್' ಹಿಡಿದು ತಮಾಷೆಯೂ ಆಯಿತು. ಗಣಿತ ಸಮಿತಿಯ ಮುಖ್ಯಸ್ಥರಾಗಿದ್ದವರು ಗಣಿತಜ್ಞೆ ಡಾ. ಮಂಗಲಾ ನಾರಳೀಕರ್. 2023ರಲ್ಲಿ ತೀರಿಕೊಂಡ ಆ ವಿದುಷಿ ಆಗ ಶಾಂತವಾಗಿ ಕಾರಣ ವಿವರಿಸಿದರು: ಒತ್ತಕ್ಷರ ತುಂಬಿದ ಸಂಖ್ಯಾನಾಮಗಳಿಂದ ಚಿಕ್ಕ ಮಕ್ಕಳಿಗೆ ಕಷ್ಟವಾಗುತ್ತದೆ, ಬರೆಯುವ ಕ್ರಮ ಒಂದು, ಹೇಳುವ ಕ್ರಮ ಇನ್ನೊಂದು.

ಅವರ ಮಾತಿನಲ್ಲಿ ಹುರುಳಿತ್ತು. ಮರಾಠಿಯಲ್ಲಿ 'ಪಂಚವೀಸ್' ಎನ್ನುವಾಗ ಕಿವಿಗೆ ಮೊದಲು ಬೀಳುವುದು ಐದು, ಬರೆಯುವಾಗ ಮೊದಲು ಬರುವುದು ಎರಡು. ಮಗು 52 ಎಂದು ಬರೆದರೆ ತಪ್ಪು ಯಾರದ್ದು? 'ಏಕೋಣ್‌ತೀಸ್' ಎಂದರೆ ಮೂವತ್ತಕ್ಕೆ ಒಂದು ಕಡಿಮೆ, ಆದರೆ ಬರೆಯಬೇಕಾದ್ದು ಎರಡು ಮತ್ತು ಒಂಬತ್ತು. ನಮ್ಮ ಕನ್ನಡದಲ್ಲಿ ಈ ತೊಂದರೆ ಇಲ್ಲ. ಇಪ್ಪತ್ತೊಂದು, ಮೂವತ್ತೇಳು, ಅರವತ್ತಮೂರು - ಹೇಳಿದ ಹಾಗೆಯೇ ಬರಹ. ತುಳುವಿನಲ್ಲೂ 'ಇರುವತ್ತೊಂಜಿ'. ಯಾವುದಕ್ಕಾಗಿ ರಾಜ್ಯದಲ್ಲಿ ಅಷ್ಟು ಗದ್ದಲವಾಯಿತೋ ಅದು ನಮ್ಮ ಅಡುಗೆ ಮನೆಯಲ್ಲಿ ಅಜ್ಜಿಯ ಬಾಯಲ್ಲಿ ದಿನವೂ ಇದೆ! ಆದರೂ ನಾವು ಮಗುವಿನ ಜೊತೆ ಹಾಲಿನ ಲೆಕ್ಕವನ್ನೂ ಇಂಗ್ಲಿಷಿನಲ್ಲೇ ಹೇಳುತ್ತೇವೆ, ಕನ್ನಡದಲ್ಲಿ ಹೇಳಿದರೆ ಮಗುವಿಗೆ ಗೊಂದಲವಾಗುತ್ತದೆಂಬ ಹೆದರಿಕೆಯಿಂದ.

ನಾರ್ವೆ ದೇಶದಲ್ಲೂ ಇಂಥದ್ದೇ ಬದಲಾವಣೆ ಆಗಿತ್ತು. ಅಲ್ಲಿ ಹಿಂದೆ 21ಕ್ಕೆ 'ಒಂದು ಮತ್ತು ಇಪ್ಪತ್ತು' ಎನ್ನುತ್ತಿದ್ದರು. ಟೆಲಿಫೋನ್ ನಂಬರ್ ಹೇಳುವಾಗ ತಪ್ಪಾಗುತ್ತದೆಂದು ಸಂಸತ್ತೇ ತೀರ್ಮಾನಿಸಿ 1951ರಿಂದ 'ಇಪ್ಪತ್ತೊಂದು' ಎಂಬ ಕ್ರಮ ತಂದರು. ಆದರೂ ಹಳೆಯ ರೂಢಿ ಮನೆಗಳಲ್ಲಿ ಪೂರ್ತಿ ಹೋಗಲಿಲ್ಲ. ಸರ್ಕಾರ ಪುಸ್ತಕ ಬದಲಾಯಿಸಬಹುದು, ಆದರೆ ಮಗುವಿಗೆ ಎಣಿಸಲು ಮೊದಲು ಕಲಿಸುವುದು ಮನೆ. ಆ ಮನೆಯವರಿಗೇ ಸುದ್ದಿ ಮುಟ್ಟಿಸದಿದ್ದರೆ ಹೇಗೆ? 2019ರಲ್ಲಿ ನನ್ನ ಪರಿಚಯದ ಹೆತ್ತವರಿಗೆಲ್ಲ ಹೊಸ ಕ್ರಮದ ವಿಷಯ ತಿಳಿದದ್ದು ಟಿವಿಯ ಜಗಳದಿಂದ. ಶಾಲೆಯಿಂದ ಒಂದು ಚೀಟಿಯೂ ಬಂದಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಹೆತ್ತವರೊಡನೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ತಿಳಿಸುವುದೂ ಅದರಲ್ಲಿ ಒಂದು. ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾಯ್ದೆಯ ಪ್ರಕಾರ ಶಾಲಾ ವರ್ಷ ಆರಂಭವಾದ 30 ದಿನಗಳೊಳಗೆ ಪಾಲಕ-ಶಿಕ್ಷಕ ಸಂಘ ಆಗಬೇಕು, ಅದರ ಕಾರ್ಯಕಾರಿ ಸಮಿತಿಗೆ ಪಾಲಕರನ್ನು ಚೀಟಿ ಎತ್ತಿ ಆರಿಸಬೇಕು. ಆದರೆ ಆ ಸಮಿತಿಯ ಮುಖ್ಯ ಕೆಲಸ ಶುಲ್ಕದ ವಿಚಾರ. ಹೀಗಾಗಿ ಸಭೆಯಲ್ಲಿ ಶುಲ್ಕ, ಬಸ್ಸು, ಸಮವಸ್ತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಭಾಗಾಕಾರ ಹೇಗೆ ಕಲಿಸುತ್ತೀರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಓಪನ್ ಹೌಸ್ ಎಂಬುದೊಂದು ಇದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಮಗುವೊಂದಕ್ಕೆ ಐದು ನಿಮಿಷ. ಡೊಂಬಿವಲಿಯಿಂದ ಬೆಳಿಗ್ಗೆ ಲೋಕಲ್ ಹಿಡಿದು ಹೋಗುವ ತಂದೆ, ತುರ್ಭೆಯಲ್ಲಿ ಪಾಳಿಯ ಕೆಲಸದವರು, ಹೋಟೆಲ್ ಕಾರ್ಮಿಕರು ಇವರೆಲ್ಲ ಬರುವುದೆಂತು? ಬಂದರೂ ಟೀಚರ್ ಇಂಗ್ಲಿಷಿನಲ್ಲಿ ಹೇಳುವಾಗ ತಾಯಿ 'ಓಕೆ ಮ್ಯಾಡಂ' ಎಂದು ತಲೆಯಾಡಿಸಿ ಹೊರಗೆ ಬರುತ್ತಾಳೆ. ಕೇಳಲು ಸಂಕೋಚ. ತನ್ನಿಂದ ಮಗುವಿಗೆ ಅವಮಾನ ಆಗಬಾರದು ಎಂಬ ಭಾವನೆ. ಇದು ಬಡವರದ್ದು ಮಾತ್ರ ಅಲ್ಲ, ಸ್ವಂತ ಫ್ಲಾಟ್ ಇರುವವರಲ್ಲೂ ಕಂಡಿದ್ದೇನೆ. ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಪೀಳಿಗೆಯ ನಾವು ಯಾಕೆ ಮಕ್ಕಳ ಶಾಲೆಯ ಬಾಗಿಲಲ್ಲಿ ಇಷ್ಟು ಕುಗ್ಗುತ್ತೇವೋ ತಿಳಿಯದು.

ಇನ್ನು ವಾಟ್ಸ್ಯಾಪ್ ಗುಂಪು. 2020ರ ಲಾಕ್‌ಡೌನ್ ಬಳಿಕ ಪ್ರತಿ ತರಗತಿಗೂ ಒಂದು. ಅದರಲ್ಲಿ ಹಳದಿ ಬಣ್ಣದ ದಿನದ ಫೋಟೋ, ನಾಳೆ ಯಾವ ಪುಸ್ತಕ ತರಬೇಕು, ಯಾರದ್ದೋ ಹುಟ್ಟುಹಬ್ಬದ ಶುಭಾಶಯ. ದಿನಕ್ಕೆ ನಲ್ವತ್ತು ಸಂದೇಶ ಬಂದರೂ ಈ ವಾರ ಗಣಿತದಲ್ಲಿ ಏನು ಕಲಿಸಿದರು ಎಂಬುದು ತಿಳಿಯುವುದಿಲ್ಲ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಒಂದು ತರಗತಿಗೆ ಐವತ್ತು-ಅರವತ್ತು ಮಕ್ಕಳಿದ್ದರೆ ಪ್ರತಿಯೊಬ್ಬರ ಮನೆಗೂ ಬರೆಯುವುದು ಸಾಧ್ಯವಿಲ್ಲದ ಮಾತು. ಮೇಲಿನಿಂದ ಚುನಾವಣೆ ಕೆಲಸ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ ಬೇರೆ. ನಾನು ಕೇಳುವುದು ವಾರಕ್ಕೆ ನಾಲ್ಕು ಸಾಲು, ಎಲ್ಲರಿಗೂ ಒಂದೇ: ಈ ವಾರ ಕಳೆಯುವ ಲೆಕ್ಕ ಈ ಕ್ರಮದಲ್ಲಿ ಕಲಿಸುತ್ತಿದ್ದೇವೆ, ಒಂದು ಉದಾಹರಣೆ ಇಲ್ಲಿದೆ, ಮನೆಯಲ್ಲಿ ಬೇರೆ ಕ್ರಮ ಗೊತ್ತಿದ್ದರೆ ಸದ್ಯಕ್ಕೆ ಅವಸರ ಬೇಡ. ಬ್ಯಾಂಕಿನ ಗ್ರಾಹಕ ವರ್ಷಕ್ಕೊಮ್ಮೆ ಬ್ಯಾಲೆನ್ಸ್ ಶೀಟ್ ನೋಡಿ ತೃಪ್ತಿಪಡುವುದಿಲ್ಲ, ಆಗಾಗ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾನೆ. ಮಗುವಿನ ವಿಷಯದಲ್ಲಿ ಮಾತ್ರ ನಮಗೆ ಬ್ಯಾಲೆನ್ಸ್ ಶೀಟೇ ಸಾಕಾಗಿದೆ.

2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಓದು ಮತ್ತು ಸರಳ ಲೆಕ್ಕ ಬರಬೇಕು ಎಂಬ ಗುರಿ ಇದೆ, 2026-27ರೊಳಗೆ. 2025ರಲ್ಲಿ ಒಂದನೇ ತರಗತಿಯಿಂದ ಹಿಂದಿ ಬೇಕೋ ಬೇಡವೋ ಎಂದು ಎರಡು ತಿಂಗಳು ರಾಜ್ಯವಿಡೀ ಜಗಳವಾಡಿತು, ಜೂನ್ 29ರಂದು ಸರ್ಕಾರ ಆದೇಶ ವಾಪಸು ಪಡೆಯಿತು. ಭಾಷೆಯ ಮಾತು ಬಂದರೆ ನಾವೆಲ್ಲ ಬೀದಿಗೆ ಇಳಿಯುತ್ತೇವೆ. ಗಣಿತಕ್ಕೆ ಅಂಥ ಭಾಗ್ಯ ಇಲ್ಲ.

ಇಲ್ಲಿ ನಮ್ಮ ಸಂಘಗಳಿಗೆ ಕೆಲಸವಿದೆ. ಶಾಲೆ ನಡೆಸುವ ಸಂಘಗಳಂತೂ ತಮ್ಮ ಶಾಲೆಯಿಂದಲೇ ಶುರು ಮಾಡಬಹುದು. ಉಳಿದವರಿಗೆ ಬೇಕಾದ್ದು ಒಂದು ಸಭಾಗೃಹ ಮತ್ತು ಒಂದು ರವಿವಾರದ ಸಂಜೆ. ನಮ್ಮವರಲ್ಲೇ ನಿವೃತ್ತ ಶಿಕ್ಷಕಿಯರು ಎಷ್ಟು ಮಂದಿ ಇಲ್ಲ! ಒಂದರಿಂದ ನಾಲ್ಕನೇ ತರಗತಿಯ ಗಣಿತ ಪುಸ್ತಕ ಎದುರಿಗಿಟ್ಟು ಈಗ ಹೇಗೆ ಕಲಿಸುತ್ತಾರೆ ಎಂದು ಕನ್ನಡದಲ್ಲಿ, ತುಳುವಿನಲ್ಲಿ ವಿವರಿಸಲಿ. ಮಕ್ಕಳು ಬೇಡ, ಹೆತ್ತವರು ಮಾತ್ರ ಬರಲಿ, ಆಗ ಸಂಕೋಚವಿಲ್ಲದೆ ಕೇಳುತ್ತಾರೆ. ಅಜ್ಜ-ಅಜ್ಜಿಯರೂ ಬರಲಿ, ಸಂಜೆ ಮಗುವಿನ ಬಳಿ ಕೂರುವವರು ಅವರೇ. ಅಧ್ಯಕ್ಷೀಯ ಭಾಷಣ, ದೀಪ ಬೆಳಗುವುದು, ಸನ್ಮಾನ - ಒಂದು ದಿನ ಇವಕ್ಕೆ ರಜೆ ಇರಲಿ.

ಹೋಟೆಲಿನ ಗಲ್ಲೆಯಲ್ಲಿ ಕೂರುವವರನ್ನೂ ಕರೆಯಬೇಕು ಎಂಬುದು ನನ್ನ ಆಸೆ. ಇಪ್ಪತ್ತೆಂಟು ರೂಪಾಯಿ ಬಿಲ್ಲಿಗೆ ನೂರರ ನೋಟು ಕೊಟ್ಟರೆ ಅವರು ಕಳೆಯುತ್ತಾ ಕೂರುವುದಿಲ್ಲ. ಎರಡು ರೂಪಾಯಿ ಇಟ್ಟು ಮೂವತ್ತು, ಇಪ್ಪತ್ತರ ನೋಟು ಇಟ್ಟು ಐವತ್ತು, ಐವತ್ತರ ನೋಟು ಇಟ್ಟು ನೂರು ಎನ್ನುತ್ತಾರೆ. ಈಗ ಶಾಲೆಯಲ್ಲಿ ಗೆರೆಯ ಮೇಲೆ ಹಾರಿ ಹಾರಿ ಲೆಕ್ಕ ಮಾಡಿಸುವುದು ಇದನ್ನೇ. ತನಗೆ ಲೆಕ್ಕ ಬರುವುದಿಲ್ಲ, ಮಗುವಿನ ಪುಸ್ತಕ ಮುಟ್ಟುವುದಿಲ್ಲ ಎನ್ನುವ ಆ ತಂದೆಗೆ ದಿನವೂ ತಾನು ಮಾಡುವ ಕೆಲಸವೇ ಪುಸ್ತಕದಲ್ಲಿದೆ ಎಂದು ಯಾರಾದರೂ ಹೇಳಬೇಕು.

ನಮ್ಮ ಪಕ್ಕದ ಮನೆಯ ತಾಯಿ ಈಚೆಗೆ ಟೀಚರಿಗೆ ನೋಟ್ ಪುಸ್ತಕದಲ್ಲಿ ಒಂದು ಸಾಲು ಬರೆದು ಕಳುಹಿಸಿದ್ದಾರಂತೆ, ಮರಾಠಿಯಲ್ಲಿ, ಮುಂದಿನ ಪಾಠ ಯಾವುದು ಎಂದು ಕೇಳಿ. ಉತ್ತರ ಬಂದಿದೆ, ಎರಡು ಸಾಲು. ಗುಣಾಕಾರವಂತೆ. ಅಜ್ಜ ಊರಿನಿಂದ ಫೋನಿನಲ್ಲಿ ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು ಹೇಳಿಸುತ್ತಿದ್ದಾರೆ.