ಹುಡುಕುವ ಯಂತ್ರಕ್ಕೆ ರೈತನ ಮಾತನ್ನು ಕಲಿಸಬೇಕು

ಗಂಜಾಮಿನ ಗದ್ದೆಬಯಲಿನಿಂದ ಮಂಡ್ಯದ ವಿ. ಸಿ. ಫಾರಂ ಬಹಳ ದೂರವಿಲ್ಲ. ಡಾ|| ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಸಿದ್ಧಪಡಿಸಿದ್ದು ಅಲ್ಲಿಯೇ ಎಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಬಲ್ಲರು. ಆದರೂ ಇಂತಹ ಸಂಶೋಧನೆಗಳ ಬರಹವು ನಮ್ಮ ರೈತನಿಗೆ ಕಾಶಿಯಷ್ಟು ದೂರವಾಗಿರುವುದು ವಿಷಾದಕರವು.

ಬರಹವನ್ನು ಕೂಡಿಡುವ ಉಗ್ರಾಣಗಳಿಗೇನೂ ಕೊರತೆಯಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರ 'ಅಗ್ರಿಸ್' 1974ರಿಂದ ನಡೆಯುತ್ತಿದೆ. ನಮ್ಮ ದೇಶದ ಕೃಷಿ ವಿಶ್ವವಿದ್ಯಾನಿಲಯಗಳ ಪ್ರಬಂಧಗಳು 'ಕೃಷಿಕೋಶ'ದಲ್ಲಿ ಶೇಖರವಾಗಿವೆ. ಇವುಗಳನ್ನು ಅಂತರ್ಜಾಲದಲ್ಲಿ ತೆರೆಯಬಹುದು. ಆದರೆ ಬಹುಪಾಲು ಬರಹವು ಇಂಗ್ಲಿಷಿನದು.

ತೊಡಕು ಹೆಸರಿನಲ್ಲಿರುತ್ತದೆ. ರಾಗಿಯ ತೆನೆಯ ಕುತ್ತಿಗೆ ಕಪ್ಪಾದುದನ್ನು ಕಂಡ ಹಿರಿಯ ರೈತರೊಬ್ಬರು ನನ್ನೆದುರಿಗೇ ಮೊಬೈಲಿನಲ್ಲಿ 'ಇಲುಕು' ಎಂದು ಹುಡುಕಿದರು. ದೊರೆತುದು ಔಷಧಿ ಮಾರುವವರ ಜಾಹೀರಾತು ಮಾತ್ರ. ಇಲುಕೆಂದರೂ, ಕುತ್ತಿಗೆ ಬೆಂಕಿರೋಗವೆಂದರೂ, ಇಂಗ್ಲಿಷಿನಲ್ಲಿ ಬ್ಲಾಸ್ಟ್ ಎಂದರೂ ರೋಗವು ಒಂದೇ. ವಿಜ್ಞಾನಿಗಳು ಅದರ ಶಿಲೀಂಧ್ರವನ್ನು ಪೈರಿಕ್ಯುಲೇರಿಯ ಎನ್ನುವರು. ಈ ನಂಟನ್ನರಿಯದ ಯಂತ್ರವು ರೈತನಿಗೆ ನಿಷ್ಪ್ರಯೋಜಕವು.

ಆದುದರಿಂದ ವ್ಯವಸಾಯಕ್ಕೆಂದೇ ಪ್ರತ್ಯೇಕವಾದ ಶೋಧನಾ ಸಾಧನವೊಂದು ಕನ್ನಡದಲ್ಲಿ ಸಿದ್ಧವಾಗತಕ್ಕದ್ದು. 'ಅಗ್ರೋವಾಕ್' ಎಂಬ ಪದಕೋಶವು ಒಂದೇ ವಸ್ತುವಿಗೆ ನಾನಾ ಭಾಷೆಗಳಲ್ಲಿರುವ ಹೆಸರುಗಳನ್ನು ಒಂದೆಡೆ ಕಟ್ಟಿಡುತ್ತದೆ. ನಮ್ಮ ಸಾಧನಕ್ಕೂ ಅಂತಹುದೇ ತಳಹದಿ ಬೇಕು. ಪ್ರಯೋಗವು ಯಾವ ಊರಿನಲ್ಲಿ, ಯಾವ ವರ್ಷದಲ್ಲಿ, ಯಾವ ಮಣ್ಣಿನಲ್ಲಿ, ನೀರಾವರಿಯಲ್ಲೋ ಖುಷ್ಕಿಯಲ್ಲೋ ನಡೆಯಿತೆಂಬುದನ್ನು ಅದು ಕನ್ನಡದ ಸಾರಾಂಶದೊಡನೆ ತಿಳಿಸಬೇಕು. ಜಾಹೀರಾತಿಗೆ ಅಲ್ಲಿ ಎಡೆಯಿರಕೂಡದು.

ಇನ್‌ಸ್ಪೆಕ್ಟರುಗಳೂ ರೈತ ಸಂಪರ್ಕ ಕೇಂದ್ರಗಳೂ ಇರುವಾಗ ಇದೇಕೆಂದು ಕೆಲವರು ಆಕ್ಷೇಪಿಸಬಹುದು. ಇಪ್ಪತ್ತು ವರ್ಷ ಹಳ್ಳಿಗಳನ್ನು ಸುತ್ತಿದ ನಾನೇ ಹೇಳುತ್ತೇನೆ: ಒಬ್ಬನ ನೆನಪಿನಲ್ಲಿ ಇಷ್ಟೆಲ್ಲ ನಿಲ್ಲದು. ಬೆಳೆಯು ನಮ್ಮ ಸವಾರಿಗಾಗಿ ಕಾದಿರುವುದೂ ಇಲ್ಲ. ಈ ಸಾಧನವು ರೈತನಿಗಿಂತ ಮೊದಲು ನಮಗೇ ಬೇಕಾಗಿದೆ.

ನಮ್ಮ ಮಾತು ಶಾಸ್ತ್ರಕ್ಕೆ ಸಲ್ಲದೆಂದು ಯಾರೂ ಅಳುಕಬೇಕಾದುದಿಲ್ಲ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದೇ ಹೆಸರಿಟ್ಟಿದ್ದರು. ಕನ್ನಡಿಗರ ಬಾಯಿಮಾತು ಹೀಗೆ ಲೋಕದ ಗ್ರಂಥಗಳನ್ನು ಸೇರಿತು.

ಯಂತ್ರವನ್ನು ಕಟ್ಟುವ ಭಾರ ಇಲಾಖೆಯದೂ ವಿಶ್ವವಿದ್ಯಾನಿಲಯದ್ದೂ ಆಗಿರಲಿ. ಅದಕ್ಕೆ ಬೇಕಾದ ಮಾತುಗಳು ಮಾತ್ರ ತಮ್ಮ ಹೊಲಗಳಲ್ಲಿವೆ. ಆದಕಾರಣ ಪ್ರತಿಯೊಂದು ಗ್ರಾಮದ ಮುಖಂಡರೂ ತಮ್ಮಲ್ಲಿ ರೂಢಿಯಲ್ಲಿರುವ ರೋಗ, ಹುಳು, ಕಳೆ, ಮಣ್ಣುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆಯಿಸಿ, ಸಾಧ್ಯವಾದಲ್ಲಿ ಚಿತ್ರಸಹಿತವಾಗಿ ರೈತ ಸಂಪರ್ಕ ಕೇಂದ್ರಕ್ಕೆ ತಲಪಿಸಬೇಕೆಂದು ಕೋರುತ್ತೇನೆ. ಆ ಹಿರಿಯರು ತೀರಿಕೊಂಡ ಮೇಲೆ ಯಾವ ಯಂತ್ರವೂ ಆ ಹೆಸರುಗಳನ್ನು ಹುಡುಕಿಕೊಡಲಾರದು.