ಲೆಕ್ಕ ಬಲ್ಲ ಮಕ್ಕಳಿಗೆ ನಾವು ತೋರಿಸದ ದಾರಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ಆರಂಭವಾಗುತ್ತದೆ. ಅಂಕ ಹೆಚ್ಚಿದ್ದರೆ ಡಾಕ್ಟರ್ ಅಥವಾ ಇಂಜಿನಿಯರ್, ಕಡಿಮೆಯಿದ್ದರೆ ಕಾಮರ್ಸ್, ಅದೂ ಆಗದಿದ್ದರೆ ಅಂಗಡಿ, ಗ್ಯಾರೇಜು ಅಥವಾ ಗಲ್ಫ್. ಗಣಿತದಲ್ಲಿ ಮುಂದಿರುವ ಹುಡುಗಿಗೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಲೆಕ್ಕ ಕಲಿತರೆ ಟೀಚರ್ ಆಗಬಹುದು, ಅಷ್ಟೇ. ಗಣಿತೀಯ ಅರ್ಥಶಾಸ್ತ್ರ, ಆಕ್ಚುವೇರಿಯಲ್ ಸೈನ್ಸ್ ಎಂಬ ಪದವಿ ವ್ಯಾಸಂಗಗಳ ಹೆಸರನ್ನು ಅರಸೀಕೆರೆ, ಬೇಲೂರು, ಹಳೇಬೀಡುಗಳ ಎಷ್ಟು ಮಂದಿ ಹೆತ್ತವರು ಕೇಳಿದ್ದಾರೆ?

ಹೆಸರು ಅಪರಿಚಿತವಾದರೂ ವಿಷಯ ಅಪರಿಚಿತವಲ್ಲ. ಅರಸೀಕೆರೆಯ ತೆಂಗಿನ ತೋಟವನ್ನೇ ತೆಗೆದುಕೊಳ್ಳೋಣ. ತೆಂಗು ಅಭಿವೃದ್ಧಿ ಮಂಡಳಿಯ ತೆಂಗಿನ ಮರ ವಿಮಾ ಯೋಜನೆಯಲ್ಲಿ 4ರಿಂದ 15 ವರ್ಷದ ಮರಕ್ಕೆ 900 ರೂಪಾಯಿ ಪರಿಹಾರ, ವರ್ಷಕ್ಕೆ 9 ರೂಪಾಯಿ ಕಂತು. 16ರಿಂದ 60 ವರ್ಷದ ಮರಕ್ಕೆ 1,750 ರೂಪಾಯಿ ಪರಿಹಾರ, 14 ರೂಪಾಯಿ ಕಂತು ಎಂದು ನಿಗದಿಪಡಿಸಲಾಗಿತ್ತು. ಸಾವಿರ ಮರಗಳಲ್ಲಿ ವರ್ಷಕ್ಕೆ ಎಷ್ಟು ಸಿಡಿಲಿಗೆ, ರೋಗಕ್ಕೆ, ಬರಕ್ಕೆ ಬಲಿಯಾಗಬಹುದು? ಪರಿಹಾರಕ್ಕೆ ಎಷ್ಟು ಹಣ ಬೇಕಾದೀತು? ಅದಕ್ಕಾಗಿ ಇಂದು ಪ್ರತಿ ಮರಕ್ಕೆ ಎಷ್ಟು ಸಂಗ್ರಹಿಸಬೇಕು? ಇಂತಹ ಪ್ರಶ್ನೆಗಳನ್ನು ಊಹೆಗೆ ಬಿಡದೆ ಸಂಖ್ಯಾಶಾಸ್ತ್ರದಿಂದ ಉತ್ತರಿಸುವವನೇ ಆಕ್ಚುವರಿ. ಮರದ ಜಾಗದಲ್ಲಿ ಮನುಷ್ಯನನ್ನಿಟ್ಟರೆ ಪಿಂಚಣಿ, ಗ್ರಾಚ್ಯುಯಿಟಿ, ಆರೋಗ್ಯ ಯೋಜನೆಗಳ ಲೆಕ್ಕವೂ ಇದೇ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಲಾಗಿತ್ತು. ಇಂತಹ ಬೆಲೆಯಿಂದ ರೈತ, ವ್ಯಾಪಾರಿ, ಗ್ರಾಹಕ ಈ ಮೂವರ ನಡೆ ಹೇಗೆ ಬದಲಾಗುತ್ತದೆ ಎಂಬುದನ್ನು ಸಮೀಕರಣಗಳಲ್ಲಿಟ್ಟು ಪರಿಶೀಲಿಸುವುದು ಗಣಿತೀಯ ಅರ್ಥಶಾಸ್ತ್ರ.

ಈ ಮಣ್ಣಿಗೆ ಇದು ಹೊಸ ವಿದ್ಯೆಯೇನಲ್ಲ. ಬೇಲೂರು, ಹಳೇಬೀಡುಗಳ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದೇ ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲಿ, ರಾಜಾದಿತ್ಯನೆಂಬ ಜೈನ ವಿದ್ವಾಂಸ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದ ಎಂಬುದನ್ನು ಎಷ್ಟು ಮಂದಿ ಬಲ್ಲರು?

ನಮ್ಮ ಮದ್ರಸಗಳಿಗೂ ಇದು ಹೊರಗಿನದಲ್ಲ. ವಾರಸು ಹಂಚಿಕೆಯ ಫರಾಇಝ್ ಶಾಸ್ತ್ರ ಪೂರ್ತಿ ಭಿನ್ನರಾಶಿಗಳ ಮೇಲೆ ನಿಂತಿದೆ. ಮಕ್ಕಳಿಲ್ಲದ, ತಂದೆತಾಯಿಯೂ ಇಲ್ಲದ ಮಹಿಳೆಯೊಬ್ಬಳು ಪತಿಯನ್ನೂ ಇಬ್ಬರು ಸಹೋದರಿಯರನ್ನೂ ಬಿಟ್ಟು ತೀರಿಕೊಂಡರೆ ಪತಿಗೆ ಅರ್ಧ, ಸಹೋದರಿಯರಿಗೆ ಮೂರರಲ್ಲಿ ಎರಡು ಪಾಲು. ಕೂಡಿದರೆ ಆರರಲ್ಲಿ ಏಳು! ಇರುವ ಸೊತ್ತಿಗಿಂತ ಹಕ್ಕು ಹೆಚ್ಚಾಯಿತು. ಆಗ ಸೊತ್ತನ್ನು ಏಳು ಭಾಗ ಮಾಡಿ ಪತಿಗೆ ಮೂರು, ಸಹೋದರಿಯರಿಗೆ ನಾಲ್ಕು ಕೊಡುತ್ತಾರೆ, ಇದೇ 'ಔಲ್'. 9ನೇ ಶತಮಾನದಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿ ಬರೆದ ಬೀಜಗಣಿತ ಗ್ರಂಥದ ದೊಡ್ಡ ಭಾಗ ಇಂತಹ ವಾರಸು ಲೆಕ್ಕಗಳಿಗೇ ಮೀಸಲಾಗಿದೆ. ನಿಧಿ ಕಡಿಮೆ, ಹೊಣೆ ಹೆಚ್ಚು ಎಂಬ ಸಮಸ್ಯೆಯನ್ನು ಇಂದಿನ ಆಕ್ಚುವರಿಯೂ ಎದುರಿಸುತ್ತಾನೆ.

ವಿಮೆ ಹರಾಮ್ ಎಂದ ಮೇಲೆ ಈ ವಿದ್ಯೆಯೇಕೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ನಿಗದಿತ ಕಂತಿನ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದಿತು. ಆದರೆ ಅದೇ ನಿರ್ಣಯವು ಪರಸ್ಪರ ಸಹಕಾರದ ವಿಮೆಯನ್ನು ಪರ್ಯಾಯವಾಗಿ ಎತ್ತಿಹಿಡಿಯಿತು. ಸುಡಾನ್‌ನಲ್ಲಿ 1979ರಲ್ಲೇ ಇಂತಹ ಸಂಸ್ಥೆ ಆರಂಭವಾಗಿತ್ತು. ಮಲೇಶ್ಯಾ 1984ರಲ್ಲಿ ತಕಾಫುಲ್ ಕಾಯ್ದೆಯನ್ನೇ ತಂದಿತು. ತಕಾಫುಲ್ ನಿಧಿಯೂ ಲೆಕ್ಕ ತಪ್ಪಿದರೆ ಮುಳುಗುತ್ತದೆ. ಎಲ್ಲಿ ಉದ್ಯೋಗ ಮಾಡಬೇಕು ಎಂಬುದನ್ನು ಕಲಿತವನು ಉಲಮಾಗಳೊಂದಿಗೆ ಸಮಾಲೋಚಿಸಿ ತೀರ್ಮಾನಿಸಲಿ. ಕಲಿಯುವ ಬಾಗಿಲನ್ನೇ ಮುಚ್ಚುವುದು ಬೇರೆ ಮಾತು.

ಆ ಬಾಗಿಲು ಮುಚ್ಚಿರುವುದರಿಂದ ನಮಗಾಗಿರುವ ನಷ್ಟವೇನು? ಮೊಹಲ್ಲಾದ ಇಮಾಮರೋ ಮುಅದ್ದಿನರೋ ತೀರಿಕೊಂಡರೆ ಅವರ ಪತ್ನಿ, ಮಕ್ಕಳ ಗತಿಯೇನೆಂದು ನೋಡಿರಿ. ಜುಮಾ ನಮಾಝಿನ ಬಳಿಕ ಒಂದು ಚಂದಾ, ಒಂದಿಷ್ಟು ಸಾಂತ್ವನ, ನಂತರ ಮರೆವು. ಸ್ಕಾಟ್ಲೆಂಡಿನ ಚರ್ಚು 1744ರಲ್ಲೇ ತನ್ನ ಪಾದ್ರಿಗಳ ವಿಧವೆಯರಿಗೂ ಮಕ್ಕಳಿಗೂ ಒಂದು ನಿಧಿ ಸ್ಥಾಪಿಸಿತು. ವರ್ಷಕ್ಕೆ ಎಷ್ಟು ಪಾದ್ರಿಗಳು ಸಾಯುತ್ತಾರೆ, ಎಷ್ಟು ವಿಧವೆಯರು ಉಳಿಯುತ್ತಾರೆ ಎಂದು ಇಬ್ಬರು ಪಾದ್ರಿಗಳು ಎಣಿಸಿದರು. ಎಡಿನ್‌ಬರೋದ ಗಣಿತ ಪ್ರಾಧ್ಯಾಪಕ ಕಾಲಿನ್ ಮೆಕ್ಲಾರಿನ್ ಆ ಲೆಕ್ಕವನ್ನು ಪರಿಶೀಲಿಸಿದರು. ಅನಾಥರ ಮತ್ತು ವಿಧವೆಯರ ಹಕ್ಕಿನ ಬಗ್ಗೆ ಇಷ್ಟೊಂದು ಉಪದೇಶ ಕೇಳುವ ನಾವು ಇಂತಹ ಲೆಕ್ಕಕ್ಕೆ ಇನ್ನೂ ಕೂತಿಲ್ಲವೆಂಬುದು ವಿಪರ್ಯಾಸವಲ್ಲವೇ? ಕರುಣೆಗೆ ನಮ್ಮಲ್ಲಿ ಕೊರತೆಯಿಲ್ಲ. ಕರುಣೆಯನ್ನು ವ್ಯವಸ್ಥೆಯಾಗಿಸುವ ವಿದ್ಯೆಗೆ ಕೊರತೆಯಿದೆ.

ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು 2006ರ ಸಾಚಾರ್ ವರದಿ ತಿಳಿಸಿತ್ತು. ಈ ವಿದ್ಯೆಯ ಮಟ್ಟಿಗೆ ದಾರಿ ತಪ್ಪುವುದು ಪಿಯುಸಿಯ ಹೊಸ್ತಿಲಲ್ಲೇ. ಕಾಮರ್ಸ್ ಎಂದೊಡನೆ ಇತಿಹಾಸವಿರುವ ಎಚ್‌ಇಬಿಎ ಆರಿಸಿದರೆ ಗಣಿತದ ಸಂಬಂಧವೇ ಕಡಿಯುತ್ತದೆ. ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎ ಅದಕ್ಕಿಂತ ಲೇಸು. ವಿಜ್ಞಾನ ವಿಭಾಗದ ಪೂರ್ಣ ಗಣಿತ ಇನ್ನೂ ಲೇಸು. ಕಾಮರ್ಸಿನ ಬೇಸಿಕ್ ಮ್ಯಾಥ್ಸ್ ಮತ್ತು ವಿಜ್ಞಾನದ ಗಣಿತ ಒಂದೇ ಅಲ್ಲವೆಂಬುದನ್ನು ಹೆತ್ತವರು ಮೊದಲೇ ತಿಳಿದಿರಬೇಕು.

ಮುಂದಿನ ದಾರಿಗಳು ದೂರವೇನಿಲ್ಲ. ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರವಿದೆ. ಪ್ರವೇಶ ಪರೀಕ್ಷೆಯ ಮೂಲಕ ಗಣಿತದ ಆನರ್ಸ್ ಪದವಿಗೆ ಸೇರಬಹುದು. ಈ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು ಜಗದ್ವಿಖ್ಯಾತರಾದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮದೇ ಹೂವಿನ ಹಡಗಲಿಯಲ್ಲಿ. ಅರ್ಥಶಾಸ್ತ್ರಕ್ಕಾಗಿ 2017ರಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ ಬೆಂಗಳೂರಿನಲ್ಲಿದೆ. ಆಕ್ಚುವರಿಯಾಗಲು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾದ ಪ್ರವೇಶ ಪರೀಕ್ಷೆಯನ್ನು ಪಿಯುಸಿ ಮುಗಿಸಿದವರು ಬರೆಯಬಹುದು. ಪದವಿ ಓದುತ್ತಲೇ ಉಳಿದ ಪರೀಕ್ಷೆಗಳನ್ನು ಒಂದೊಂದಾಗಿ ಎದುರಿಸಬಹುದು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಈ ಪರೀಕ್ಷೆಗಳು ಕಠಿಣ. ಪೂರೈಸಲು ಹಲವು ವರ್ಷ ಹಿಡಿಯುತ್ತದೆ, ಶುಲ್ಕದ ಹೊರೆಯೂ ಇದೆ. ದೊಡ್ಡ ಸಂಬಳದ ಆಸೆ ಹುಟ್ಟಿಸುವ ಜಾಹೀರಾತು ನಂಬಿ ಗಣಿತದಲ್ಲಿ ಆಸಕ್ತಿಯಿಲ್ಲದ ಮಗುವನ್ನು ಇತ್ತ ತಳ್ಳುವುದು ಅನ್ಯಾಯ. ಆಸಕ್ತಿಯುಳ್ಳ ಮಗುವಿಗೆ ದಾರಿಯನ್ನೇ ಹೇಳದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ನಮ್ಮ ಜಮಾಅತ್‌ಗಳು, ಅಂಜುಮನ್‌ಗಳು ಫಲಿತಾಂಶದ ಬಳಿಕ ಸನ್ಮಾನ ಸಮಾರಂಭ ಏರ್ಪಡಿಸಿ ಶಾಲು ಹೊದಿಸುತ್ತವೆ. ಅದಕ್ಕೆ ಮೊದಲು, ಹತ್ತನೇ ತರಗತಿ ನಡೆಯುತ್ತಿರುವಾಗಲೇ ಮಕ್ಕಳನ್ನೂ ಹೆತ್ತವರನ್ನೂ ಒಂದು ದಿನ ಕೂರಿಸಿ ಈ ವಿಷಯಗಳನ್ನು ವಿವರಿಸಲಿ. ಪರೀಕ್ಷಾ ಶುಲ್ಕಕ್ಕಾಗಿ ಇಬ್ಬರು ಮಕ್ಕಳ ಹೊಣೆ ಹೊರಲಿ, ಅವರಲ್ಲೊಬ್ಬಳು ಹೆಣ್ಣುಮಗಳಾಗಿರಲಿ. ನಾಳೆ ಅವರೇ ಊರಿಗೆ ಬಂದು ಇಮಾಮರ ಕುಟುಂಬಕ್ಕೊಂದು ನಿಧಿಯನ್ನು ಲೆಕ್ಕ ಹಾಕಿ ಕಟ್ಟಿಕೊಟ್ಟಾರು.