ಬಣ್ಣ ತಲೆಗೆ, ಅಪಾಯ ಯಾರ ಕೈಗೆ?

ಗರ್ಭಿಣಿಯರು ತಲೆಗೆ ಬಣ್ಣ ಹಚ್ಚಬಾರದು ಎಂಬ ಮಾತು ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆ ಎಲ್ಲರ ಬಾಯಲ್ಲೂ ಇದೆ. ಅತ್ತೆ ಹೇಳುತ್ತಾರೆ, ನೆರೆಮನೆಯವರು ಹೇಳುತ್ತಾರೆ, ವಾಟ್ಸಾಪ್ ಅಂತೂ ದಿನಾ ಹೇಳುತ್ತದೆ. ಆದರೆ ದಿನವಿಡೀ ಬರಿಗೈಯಲ್ಲಿ ಊರವರ ತಲೆಗೆ ಬಣ್ಣ ಹಚ್ಚುವ ಕ್ಷೌರಿಕನ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ತಕರಾರು ಇಲ್ಲೇ ಶುರುವಾಗುತ್ತದೆ. ನಮ್ಮ ಭಯ ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ಗರ್ಭಿಣಿಯ ವಿಷಯವನ್ನೇ ಮೊದಲು ನೋಡೋಣ. ತಲೆಯ ಚರ್ಮದಿಂದ ರಕ್ತಕ್ಕೆ ಇಳಿಯುವ ಬಣ್ಣ ತೀರಾ ಕಡಿಮೆ. ಈ ಬಗ್ಗೆ ಸಂಶೋಧನೆ ಹೆಚ್ಚು ನಡೆದಿಲ್ಲ, ನಿಜ. ನಡೆದ ಬಹುಪಾಲು ಸಂಶೋಧನೆ ಸುರಕ್ಷಿತವೆನ್ನುತ್ತದೆ ಎಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ತನ್ನ ಸಲಹೆಯಲ್ಲಿ ತಿಳಿಸುತ್ತದೆ. ಅಳುಕಿದ್ದವರು ಮೊದಲ 12 ವಾರ ಕಾಯಬಹುದು. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಕೂತು, ಹೇಳಿದಷ್ಟೇ ಹೊತ್ತು ಬಿಟ್ಟು ತೊಳೆದರೆ ಸಾಕು. ಇಷ್ಟು ಹೇಳುವ ಬದಲು ಬಸುರಿಯನ್ನು ಹೆದರಿಸುವುದು ಕಾಳಜಿಯಲ್ಲ, ಕಾವಲು.

ಈಗ ಕ್ಷೌರಿಕನ ಕೈ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿ ಎರಡು ಮಾತು ಹೇಳಿತು. ಸ್ವಂತ ತಲೆಗೆ ಬಣ್ಣ ಹಚ್ಚಿಕೊಳ್ಳುವವರ ವಿಷಯದಲ್ಲಿ ತೀರ್ಮಾನಕ್ಕೆ ಬರುವಷ್ಟು ಪುರಾವೆ ಇಲ್ಲ. ಕ್ಷೌರಿಕ ಮತ್ತು ಕೇಶ ವಿನ್ಯಾಸಕರ ಕಸುಬಿನ ಸಂಪರ್ಕ ಮಾತ್ರ 'ಬಹುಶಃ ಕ್ಯಾನ್ಸರ್‌ಕಾರಕ'. ಅಂದರೆ ನಮ್ಮ ಊರಿನ ಸಲೂನಿನಲ್ಲಿ ಕನ್ನಡಿ ಮುಂದೆ ಕೂತವನಿಗಿಂತ ಅವನ ಹಿಂದೆ ನಿಂತವನ ಬಗ್ಗೆ ಹೆಚ್ಚು ಯೋಚಿಸಬೇಕು. ಸವಿತಾ ಸಮಾಜದ ಎಷ್ಟೋ ಮನೆಗಳ ಅನ್ನದ ಪ್ರಶ್ನೆ ಇದು. ಒಂದು ಜೊತೆ ಕೈಗವಸಿನ ಬೆಲೆ ಎಷ್ಟಿದ್ದೀತು?

ಶಿಡ್ಲಘಟ್ಟದಲ್ಲಿ ಇನ್ನೊಂದು ಬಗೆಯ ಕೈಗಳಿವೆ. ರೇಷ್ಮೆ ನೂಲು ಬಿಚ್ಚುವ ಹೆಂಗಸರ ಬೆರಳು ಬಿಸಿನೀರಿನಲ್ಲಿ ನೆನೆದು ಬಿರುಕು ಬಿಟ್ಟಿರುತ್ತವೆ. ರಜೆಯ ದಿನ ಅದೇ ಬೆರಳು ಬಟ್ಟಲಲ್ಲಿ ಬಣ್ಣ ಕಲಸುತ್ತವೆ. ಒಡೆದ ಚರ್ಮದ ಮೇಲೆ ಬಣ್ಣ ಬೀಳಬಾರದು ಎಂದು ಅವರಿಗೆ ಹೇಳಿದವರು ಯಾರು?

ಹೇಳಬೇಕಾದದ್ದು ಪೊಟ್ಟಣ. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪ್ಯಾರಾಫಿನೈಲಿನ್‌ಡಯಮೀನ್, ಅಂದರೆ ಪಿಪಿಡಿ, ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ತಲೆ ತುರಿಸುತ್ತದೆ, ರೆಪ್ಪೆ ಊದುತ್ತದೆ, ಮುಖ ಬಾತುಕೊಳ್ಳುತ್ತದೆ. ಪಿಪಿಡಿ ಇರುವ ಬಣ್ಣದ ಒಳಹೊರಗಿನ ಎರಡೂ ಲೇಬಲ್ಲಿನ ಮೇಲೆ, ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಗಳಲ್ಲೂ ಎಚ್ಚರಿಕೆ ಇರಬೇಕು ಎನ್ನುತ್ತದೆ ನಮ್ಮ ಕಾನೂನು: ಮೊದಲು ಪರೀಕ್ಷಿಸಿ ನೋಡಿ, ಹುಬ್ಬು ರೆಪ್ಪೆಗಳಿಗೆ ಹಚ್ಚಬೇಡಿ, ಕಣ್ಣು ಹೋದೀತು. ನಾನು ಚಿಂತಾಮಣಿಯ ಅಂಗಡಿಗಳಲ್ಲಿ ತಿರುಗಿಸಿ ನೋಡಿದ ಪೊಟ್ಟಣಗಳಲ್ಲಿ ಹೆಸರು ಮೊಳದುದ್ದ, ಎಚ್ಚರಿಕೆ ಸಾಸಿವೆಗಿಂತ ಸಣ್ಣದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತ ಈ ಗಡಿ ಸೀಮೆಯ ಜನ ಅದನ್ನು ಓದುವುದು ಹೇಗೆ? ನಾಮಫಲಕದ ಕನ್ನಡಕ್ಕೆ ಬೀದಿಗಿಳಿಯುವ ನಾವು ಪೊಟ್ಟಣದ ಹಿಂಬದಿಯ ಕನ್ನಡಕ್ಕಾಗಿ ದನಿ ಎತ್ತಿದ್ದೇವೆಯೇ?

'ಇಪ್ಪತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನಾಗಿದೆ?' ಎನ್ನುವವರಿದ್ದಾರೆ. ಈ ಅಲರ್ಜಿ ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಎದ್ದು ಕೂರಬಹುದು. ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. 'ನಮ್ಮದು ಅಮೋನಿಯಾ ಇಲ್ಲದ್ದು' ಎನ್ನುವವರಿಗೂ ಉತ್ತರವಿದೆ: ಅಮೋನಿಯಾ ಇಲ್ಲವೆಂದರೆ ಪಿಪಿಡಿ ಇಲ್ಲವೆಂದಲ್ಲ. 'ನಮ್ಮದು ಮೆಹಂದಿ' ಎಂದರೆ ಬಣ್ಣವನ್ನೇ ನೋಡಿ. ಬರೀ ಗೋರಂಟಿ ಕೆಂಪು ಕಂದು ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕಡುಗಪ್ಪಾದರೆ ಅದರಲ್ಲಿ ಬೇರೇನೋ ಬೆರೆತಿದೆ.

ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಬದುಕಿಡೀ ಹೇಳಿದ ಎಚ್. ನರಸಿಂಹಯ್ಯನವರು ಗೌರಿಬಿದನೂರಿನ ಹೊಸೂರಿನವರು. ಆ ನೆಲದವರಾದ ನಾವು ಅತ್ತೆಯ ಹೆದರಿಕೆಯನ್ನೂ ಜಾಹೀರಾತಿನ ಧೈರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಬಿಳಿ ಕೂದಲಿಗೆ ನಾಚಬೇಕಿಲ್ಲ, ಹಚ್ಚುವವರನ್ನು ಹಂಗಿಸಬೇಕಿಲ್ಲ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಮುಂದಿನ ಸಲ ಸಲೂನಿಗೆ ಹೋದಾಗ, 'ಅಣ್ಣಾ, ಗ್ಲೌಸ್ ಹಾಕ್ಕೋ' ಎನ್ನಿ. ಅಂಗಡಿಯವನನ್ನು, ಔಷಧ ನಿಯಂತ್ರಣ ಇಲಾಖೆಯನ್ನು ಕೇಳಿ: ಕಣ್ಣಿಗೆ ಕಾಣುವಷ್ಟು ದೊಡ್ಡ ಕನ್ನಡ ಎಲ್ಲಿ?